ಮಗಳಿಗೊಂದು ಪತ್ರ: ಲೇಬಲ್ ಹಾಕೋದು ಕಟ್ಟಕಡೆಗೆ

ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದೆ, "ಅಮ್ಮ, ಒಂದೇ ಮಾತಲ್ಲಿ ಹೇಳು, ಮಿಕ್ಸಿ ಯಾವ ಕಂಪನಿದು ತಗೊಳ್ಳಲಿ, ಕುಕ್ಕರ್ ಯಾವುದು, ಫ್ಯಾನ್ ಯಾವುದು?" ಅಂತ. ಬರೆದು ಕಳಿಸ್ತೀನಿ ಅಂದು ನಾನು ಫೋನ್ ಇಟ್ಟುಬಿಟ್ಟೆ. ಒಂದೇ ಮಾತಲ್ಲಿ ಮುಗಿಯುವಂಥದ್ದಲ್ಲ ಅದು. ನಿಮ್ಮಪ್ಪ ಆಗಿದ್ದರೆ ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಸೋಪು, ಅದೇ ಬ್ಲೇಡು ಅವರದ್ದು.

ಬ್ರ್ಯಾಂಡ್ ಅಂದ ಕೂಡಲೇ ನನಗೆ ನೆನಪಾಗುವುದು ನಮ್ಮ ಬಳ್ಳಾರಿ ಕೌಲ್ ಬಜಾರಿನ ಆ ಜೀನ್ಸ್ ಶೆಡ್ಡು. ಹದಿನೆಂಟು ವರ್ಷ ಜೀನ್ಸ್ ಹೊಲಿದವಳು ನಾನು. ಒಂದೇ ಟೇಬಲ್ಲಿನ ಮೇಲೆ ಕಟಿಂಗ್ ಆದ ಬಟ್ಟೆ, ಒಂದೇ ಕೋನಿನ ದಾರ, ಹೊಲಿಯುವ ಕೈಗಳೂ ಅವೇ. ಪ್ಯಾಂಟು ಪೂರ್ತಿ ಆಗಿ, ವಾಷಿಂಗಿಗೆ ಹೋಗಿ ವಾಪಸ್ ಬಂದ ಮೇಲೆ, ಎಲ್ಲಾ ಮುಗಿದು ಕಟ್ಟಕಡೆಗೆ ಸೊಂಟದ ಹಿಂದೆ ಲೆದರ್ ಪಟ್ಟಿ ಹಾಕುತ್ತಿದ್ದೆವು. ಬೆಳಿಗ್ಗೆ ಒಂದು ಹೆಸರಿನ ಪಟ್ಟಿಗಳ ಕಟ್ಟು ಬರುತ್ತಿತ್ತು, ಊಟ ಆದ ಮೇಲೆ ಇನ್ನೊಂದು ಹೆಸರಿನದು. ಅಂಗಡಿಗೆ ಹೋದರೆ ಒಂದಕ್ಕೆ 600 ರೂಪಾಯಿ, ಇನ್ನೊಂದಕ್ಕೆ 1400. ಪಿಯುಸಿಯಲ್ಲಿ ನೀನು ಹಠ ಹಿಡಿದು ತಗೊಂಡ ಪ್ಯಾಂಟ್ ಇವೆರಡರಲ್ಲಿ ಯಾವುದು ಅಂತ ಈಗ ಹೇಳಲ್ಲ, ಬಿಡು.

ಹಾಗಂತ ಹೆಸರಿಗೆ ಬೆಲೆಯೇ ಇಲ್ಲ ಅಂತಲ್ಲ. ಒಬ್ಬ ಹೊರಗಿನ ಪಾರ್ಟಿ ಇದ್ದ, ಅವನ ಆರ್ಡರ್ ಬಂದರೆ ನಮಗೆಲ್ಲ ತಲೆನೋವು. ಅವನ ಕಡೆಯ ಚೆಕರ್ ಸ್ಕೇಲ್ ಇಟ್ಟು ಇಂಚಿಗೆ ಎಷ್ಟು ಹೊಲಿಗೆ ಅಂತ ಎಣಿಸುತ್ತಿದ್ದ. ಎರಡು ಕಡಿಮೆ ಬಿದ್ದರೂ ಪೀಸ್ ವಾಪಸ್. ಮನಸ್ಸಿನಲ್ಲೇ ಎಷ್ಟು ಬೈದಿದ್ದೀವೋ ಅವನನ್ನು. ಆದರೆ ನಿಮ್ಮಪ್ಪನಿಗೆ ಅಂತ ನಾನು ಎತ್ತಿಡುತ್ತಿದ್ದದ್ದು ಆ ಆರ್ಡರಿನ ಪೀಸನ್ನೇ. ಹೆಸರಿನ ಹಿಂದೆ ಅಂಥ ಒಬ್ಬ ಸಿಡುಕ ಇದ್ದಾನಾ ಅನ್ನೋದು ಮುಖ್ಯ. ಹೊರಗಿನಿಂದ ನಿನಗೆ ಅವನು ಕಾಣಲ್ಲ, ಅವನ ಕೆಲಸ ಕಾಣುತ್ತೆ. ಜೀನ್ಸನ್ನು ಒಳಮಗ್ಗುಲು ತಿರುಗಿಸಿ ನೋಡು. ಕಾಲಿನ ಹೊಲಿಗೆಯಲ್ಲಿ ಬಟ್ಟೆ ಮಡಚಿ ಎರಡು ಸಾಲು ಓಡಿಸಿದ್ದಾರಾ, ಇಲ್ಲಾ ಬರೀ ಅಂಚಿಗೆ ಓವರ್‌ಲಾಕ್ ಹೊಡೆದು ಬಿಟ್ಟಿದ್ದಾರಾ, ಜೇಬಿನ ಮೂಲೆ ಕಿತ್ತು ಹೋಗದ ಹಾಗೆ ಒತ್ತೊತ್ತಾಗಿ ಹಾಕುವ ಬಾರ್‌ಟ್ಯಾಕ್ ಹೊಲಿಗೆ ಬಿದ್ದಿದೆಯಾ ನೋಡು. ಮಂಡಿ ಹತ್ತಿರ ಬಿಳಿ ಬರುವ ಹಾಗೆ ಕೆರೆದ ಪ್ಯಾಂಟ್ ಚೆಂದ ಕಾಣಬಹುದು, ಆದರೆ ಕೆರೆದಷ್ಟೂ ನೂಲು ಸವೆದಿರುತ್ತೆ, ಅರ್ಧ ಆಯುಷ್ಯ ಕಳೆದೇ ಅದು ನಿನ್ನ ಕೈಗೆ ಬರೋದು.

ಈಗ ಮಿಕ್ಸಿ ವಿಷಯ. ನಮ್ಮ ಯೂನಿಟ್‌ನಲ್ಲಿ ಹೊಲಿಗೆ ಮಷೀನ್ ಅಂದರೆ ಜ್ಯೂಕಿ, ಜಪಾನ್ ಕಂಪನಿದು. ಮಾಲೀಕ ಜಾಹೀರಾತು ನೋಡಿ ತಂದದ್ದಲ್ಲ. ಬಾಬಿನ್ ಕೇಸ್ ಹೋದರೆ ಪಕ್ಕದ ಬೀದಿಯಲ್ಲೇ ಸಿಗುತ್ತಿತ್ತು, ಯಾವ ಮೆಕ್ಯಾನಿಕ್ ಬಂದರೂ ಕಣ್ಣು ಮುಚ್ಚಿ ಬಿಚ್ಚುತ್ತಿದ್ದ. ಇಷ್ಟು ಗೊತ್ತಿದ್ದ ನಾನೇ ಒಂದು ದಸರಾ ಸೇಲ್‌ನಲ್ಲಿ ಮೊಬೈಲಿನಲ್ಲಿ ನೋಡಿ ಮಿಕ್ಸಿ ತರಿಸಿದೆ, ನೆನಪಿದೆಯಲ್ವಾ? ಮೂರು ಜಾರು, ಒಂದು ಫ್ರೀ ಚಾಕು, ಅರ್ಧ ಬೆಲೆ. ಹದಿನಾಲ್ಕು ತಿಂಗಳಿಗೆ ಶೇಂಗಾ ಪುಡಿ ಮಾಡುವಾಗ ಜಾರಿನ ಕೆಳಗೆ ಮೋಟಾರಿಗೆ ಕಚ್ಚಿಕೊಂಡು ತಿರುಗುವ ಕಪ್ಲರ್ ಪುಡಿ ಆಯಿತು. ಮೋಟಾರ್ ಗುಂಡಿನ ಹಾಗಿದೆ, ಕಪ್ಲರ್ ಮಾತ್ರ ಎಲ್ಲೂ ಇಲ್ಲ. ರಿಪೇರಿ ಅಣ್ಣನ ಹತ್ತಿರ ಒಯ್ದರೆ ಗೋಡೆ ತೋರಿಸಿದ. ಬೇರೆ ಬೇರೆ ಕಂಪನಿಯ ಕಪ್ಲರ್‌ಗಳನ್ನು ಹೂವಿನ ಹಾಗೆ ದಾರಕ್ಕೆ ಪೋಣಿಸಿ ತೂಗುಹಾಕಿದ್ದಾನೆ. "ಈ ಗೋಡೆ ಮ್ಯಾಲೆ ಇರೋದು ತಗೋರಿ ಅಕ್ಕಾ, ಇಲ್ಲದ್ದು ತಂದು ನನ್ನ ತಲಿ ತಿನ್ನಬ್ಯಾಡ್ರಿ" ಅಂದ. ಆವತ್ತಿನಿಂದ ನನಗೆ ಆ ಗೋಡೆಯೇ ಒಳ್ಳೇ ಕಂಪನಿಗಳ ಲಿಸ್ಟು.

ಅದಕ್ಕೇ ಹೇಳೋದು, ಬೆಂಗಳೂರಿನಲ್ಲಿ ನಿನ್ನ ರೂಮಿನ ಹತ್ತಿರ ಮಿಕ್ಸಿ ರಿಪೇರಿ ಅಂಗಡಿ ಎಲ್ಲಿದೆ ಅಂತ ಮೊದಲು ಹುಡುಕು. ಮಾರುವವನನ್ನಲ್ಲ, ಬಿಚ್ಚುವವನನ್ನು ಕೇಳು. ಜಾಸ್ತಿ ರಿಪೇರಿಗೆ ಬರೋದು ಯಾವುದು ಅಂತ ಕೇಳಬೇಡ, ಜಾಸ್ತಿ ಮಾರಾಟ ಆದದ್ದೇ ಜಾಸ್ತಿ ರಿಪೇರಿಗೂ ಬರುತ್ತೆ. ಯಾವುದನ್ನು ಆಗಲ್ಲ ಅಂತ ವಾಪಸ್ ಕಳಿಸ್ತೀಯ ಅಂತ ಕೇಳು. ಮೋಟಾರಿಗೆ ಕಾಪರ್ ವೈಂಡಿಂಗ್ ಇರಲಿ. ದೋಸೆಗೆ ರುಬ್ಬೋದಿದ್ದರೆ 750 ವ್ಯಾಟ್‌ದು ತಗೋ. ಮತ್ತೆ, ರುಬ್ಬುವಾಗ ಫಟ್ ಅಂತ ನಿಂತುಬಿಟ್ಟರೆ ಹೆದರಬೇಡ. ಎಷ್ಟೋ ಮಿಕ್ಸಿಗಳ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತೆ, ಲೋಡ್ ಜಾಸ್ತಿ ಆದರೆ ಅದೇ ಕರೆಂಟ್ ಕಡಿಯುತ್ತೆ. ಸ್ವಲ್ಪ ತಣ್ಣಗಾಗಲು ಬಿಟ್ಟು ಒತ್ತು. ಅಷ್ಟಕ್ಕೇ 200 ರೂಪಾಯಿ ಕೊಟ್ಟು ಬಂದವರಿದ್ದಾರೆ ನಮ್ಮ ಓಣಿಯಲ್ಲಿ.

ಕುಕ್ಕರಿಗೆ ಮಾತ್ರ ಸುಮ್ನೆ ಅಗ್ಗ ನೋಡಬೇಡ, ಅದು ಸಿಡಿಯುವ ಸಾಮಾನು. 2021ರ ಫೆಬ್ರವರಿಯಿಂದ ಐಎಸ್‌ಐ ಮಾರ್ಕ್ ಇಲ್ಲದ ಕುಕ್ಕರ್ ಮಾರುವಂತಿಲ್ಲ. ಆದರೆ ಮಾರ್ಕ್ ಅಚ್ಚು ಹಾಕೋದು ಯಾರಿಗೂ ಕಷ್ಟ ಅಲ್ಲ, ಲೆದರ್ ಪಟ್ಟಿ ಹಾಕಿದವಳಿಗೆ ಅದು ಗೊತ್ತು. ಮಾರ್ಕಿನ ಮೇಲೆ ಕುಕ್ಕರಿನ ಮಾನದಂಡದ ನಂಬರ್ ಐಎಸ್ 2347 ಅಂತ ಇರಬೇಕು, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ಮಾರ್ಕ್ ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಅನ್ನೋ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತೆ. ನಮ್ಮ ಮನೆಯಲ್ಲಿರುವುದು ಮುಚ್ಚಳ ಒಳಗೆ ಕೂರುವ ಹಾಕಿನ್ಸ್, ನಿನ್ನ ಚಿಕ್ಕಮ್ಮನ ಮನೆಯಲ್ಲಿ ಮೇಲಿನಿಂದ ಮುಚ್ಚುವ ಪ್ರೆಸ್ಟೀಜ್. ಎರಡೂ ನೀನು ಹುಟ್ಟುವ ಮೊದಲಿನವು, ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಬದಲಾಯಿಸುತ್ತಾ ಬಂದಿದ್ದೇವೆ. ವಾಲ್ವ್ ಕಂಪನಿದೇ ತಗೋ, ಲೋಕಲ್ ಬೇಡ.

ಸ್ಟೀಲ್ ಪಾತ್ರೆಗೆ ಆಯಸ್ಕಾಂತ ಹಿಡಿದು ನೋಡು, ಅಂಟದಿದ್ದರೆ ಒಳ್ಳೇದು ಅಂತ ಯಾರೋ ವಿಡಿಯೋದಲ್ಲಿ ಹೇಳಿದರು ಅಂದೆಯಲ್ಲ, ಅದು ಅರ್ಧ ಸತ್ಯ. ಒಳ್ಳೆಯ 304 ಗ್ರೇಡಿನ ಸ್ಟೀಲಿಗೆ ಆಯಸ್ಕಾಂತ ಅಷ್ಟಾಗಿ ಅಂಟಲ್ಲ, ನಿಜ. ಅದರಲ್ಲಿ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕಲ್ ಇರುತ್ತೆ. ಆದರೆ ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸುವ 200 ಸೀರೀಸ್ ಅಂತ ಇದೆ, ನಮ್ಮ ಸಂಡೂರಿನ ಗುಡ್ಡದಲ್ಲಿ ಅಗೆಯುತ್ತಾರಲ್ಲ, ಅದೇ ಮ್ಯಾಂಗನೀಸ್. ಆ ಸ್ಟೀಲಿಗೂ ಆಯಸ್ಕಾಂತ ಅಷ್ಟಾಗಿ ಅಂಟಲ್ಲ. ಉಪ್ಪು ಹುಳಿಗೆ ಅದು ಬೇಗ ಕಲೆ ಬೀಳುತ್ತೆ. ಹಾಗಾಗಿ ತಳದಲ್ಲಿ 304 ಅಂತ ಅಚ್ಚಿದೆಯಾ ನೋಡಿ, ಬಿಲ್ಲಿನಲ್ಲೂ ಬರೆಸಿಕೋ. ಅಜ್ಜಿಯ ಹೆಸರು ಕೊರೆಸಿದ ಎರಡು ಡಬರಿ ಅಟ್ಟದಲ್ಲಿವೆ, ಬೇಕಾದರೆ ಅವನ್ನೇ ತರ್ತೀನಿ. ಬೇಡ ಅನ್ನಬೇಡ.

ಫ್ಯಾನಿನ ಬಗ್ಗೆ ನನಗೇ ಎರಡು ಮನಸ್ಸು. ಹಳೇ ಫ್ಯಾನ್ 75 ವ್ಯಾಟ್ ತಿಂದರೆ ಈಗಿನ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಥರದ ಮೋಟಾರಿನ ಫ್ಯಾನ್, 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ಓಡಿಸಿದರೆ ತಿಂಗಳಿಗೆ ಹನ್ನೆರಡು ಯೂನಿಟ್ ಮೇಲೇ ಉಳಿಯಿತು. ಗೃಹಜ್ಯೋತಿ ಇದೆಯಲ್ಲ ಅಂತೀಯಾ, ಇರಲಿ. ಆದರೆ ಹಳೇದು ನಿಧಾನ ಆದರೆ ನಿಮ್ಮಪ್ಪನೇ ಸ್ಟೂಲ್ ಹತ್ತಿ ಕೆಪಾಸಿಟರ್ ಬದಲಾಯಿಸ್ತಾರೆ. ಹೊಸದರೊಳಗಿನ ಬೋರ್ಡ್ ಸುಟ್ಟರೆ ಕಂಪನಿಯವರೇ ಬರಬೇಕು. ವಾರಂಟಿ ಎಷ್ಟು ವರ್ಷ ಅಂತ ನೋಡಿ ನೀನೇ ನಿರ್ಧಾರ ಮಾಡು.

ಇನ್ನೊಂದು. "ನಿಮ್ಮ ಕಾಲದಲ್ಲಿ ಇದೇ ಕಂಪನಿ ಚೆನ್ನಾಗಿತ್ತಲ್ವಾ" ಅಂತ ಹಳೇ ಹೆಸರು ನೋಡಿ ತಗೋಬೇಡ. ಹೆಸರು ಅದೇ ಇರುತ್ತೆ, ಕೈ ಬದಲಾಗಿರುತ್ತೆ. ನೋಕಿಯಾ ಹೆಸರಿನ ಫೋನುಗಳನ್ನು 2016ರ ಕೊನೆಯಿಂದ ಎಚ್‌ಎಂಡಿ ಅನ್ನೋ ಬೇರೆ ಕಂಪನಿ ಮಾಡಿ ಮಾರಿತು. ಅವು ಕೆಟ್ಟವು ಅಂತ ನಾನು ಹೇಳ್ತಿಲ್ಲ, ಮೊದಲಿನವರೇ ಮಾಡಿದ್ದು ಅಂದುಕೊಳ್ಳಬೇಡ ಅಷ್ಟೇ. ಇನ್ನೊಂದು ಕಡೆ ನಿಮ್ಮಪ್ಪನ ಎಚ್‌ಎಂಟಿ ನೋಡು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರು ಮಾಡಿದ ವಾಚು, 2016ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಲು ನಿರ್ಧರಿಸಿತು. ವಾಚ್ ಇನ್ನೂ ಓಡ್ತಿದೆ, ಯಾಕಂದರೆ ಅದನ್ನು ಬಿಚ್ಚಿ ಎಣ್ಣೆ ಹಾಕುವ ಮುದುಕ ಇಲ್ಲಿ ಇನ್ನೂ ಅಂಗಡಿ ತೆಗೀತಾನೆ. ನನ್ನ ಮಿಕ್ಸಿ ಮಾಡಿದ ಕಂಪನಿ ಈಗಲೂ ಸೇಲ್ ಹಾಕ್ತಿದೆ, ಮಿಕ್ಸಿ ಅಟ್ಟದಲ್ಲಿದೆ.

ಆನ್‌ಲೈನಿನಲ್ಲೇ ತರಿಸೋದಾದರೆ "ನಿನ್ನೆ ಬಂತು, ಸೂಪರ್" ಅನ್ನೋದನ್ನೆಲ್ಲ ಬಿಟ್ಟು, ಒಂದು ವರ್ಷ ಬಳಸಿ ಬರೆದವರನ್ನು ಹುಡುಕಿ ಓದು. ಮಾರುವವನ ಹೆಸರು ಕಂಪನಿಯದ್ದೋ ಬೇರೆ ಯಾರದ್ದೋ ನೋಡು. ಬಿಲ್ಲಿನ ಫೋಟೋ ತೆಗೆದು ನನಗೂ ಕಳಿಸು, ಆ ಬಿಲ್ ಕಾಗದದ ಅಕ್ಷರ ಆರು ತಿಂಗಳಿಗೆ ಮಾಯ ಆಗುತ್ತೆ. ಕಂಪನಿಯವರು ಸತಾಯಿಸಿದರೆ 1915ಕ್ಕೆ ಫೋನ್ ಮಾಡು, ಅದು ಗ್ರಾಹಕರ ಸಹಾಯವಾಣಿ. ಮಿಕ್ಸಿ ಕೆಟ್ಟಾಗ ನಾನು ಮಾಡಲಿಲ್ಲ, ಗೊತ್ತೇ ಇರಲಿಲ್ಲ.

ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೊರಡ್ತೀನಿ. ಡಬರಿ, ಶೇಂಗಾ ಚಟ್ನಿ, ಒಂದು ಕಟ್ಟು ಖಡಕ್ ರೊಟ್ಟಿ ತರ್ತೀನಿ. ಅಲ್ಲೀತನಕ ಏನೂ ಆರ್ಡರ್ ಮಾಡಬೇಡ. ಆಗಲೇ ಮಾಡಿದ್ದರೆ ಬಾಕ್ಸ್ ಬಿಸಾಕಬೇಡ, ನಾನು ಬಂದು ನೋಡ್ತೀನಿ.

ನಿನ್ನ ಅಮ್ಮ
ಬಳ್ಳಾರಿ