ಸೈ ಮಾಡಬ್ಯಾಡವಾ ಮಗಳ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದ. ನಾವೆಲ್ಲ ಆರಾಮ ಅದೀವಿ, ನಿಮ್ಮವ್ವನ ಮೊಣಕಾಲು ಬ್ಯಾನಿ ಇದ್ದಂಗ ಐತಿ, ಎಮ್ಮಿ ಈದು ಎಂಟು ದಿನ ಆತು, ಗಿಣ್ಣ ಕಾಸಿದಾಗ ನಿನ್ನ ಭಾಳ ನೆನಸಿದ್ಲು.

ಮೊನ್ನೆ ಫೋನಿನ್ಯಾಗ ಅಂದೆಲ್ಲ, ಅಪ್ಪಾ ನನಗ ಹೊಲಮನಿ ಏನೂ ಬ್ಯಾಡ, ಅಣ್ಣ ಎಲ್ಲಿ ಅಂತಾನ ಅಲ್ಲಿ ಸೈ ಮಾಡಿ ಬರ್ತೀನಿ ಅಂತ. ಕಟ್ಟಿ ಮ್ಯಾಲೆ ಮಂದಿ ಕುಂತಿದ್ರು, ನಾ ಹೂಂ ಅಂದು ಇಟ್ಟುಬಿಟ್ಟೆ. ಆದ್ರ ಎರಡು ರಾತ್ರಿ ನಿದ್ದಿ ಹತ್ತಿಲ್ಲ. ಇಂಥಾವೆಲ್ಲ ಫೋನಿನ್ಯಾಗ ಹೇಳಾಕ ನನಗ ಬರಂಗಿಲ್ಲ, ಅದಕ್ಕ ವಾಟ್ಸಾಪಿನ್ಯಾಗ ಉದ್ದಕ ಬರ್ಯಾಕತ್ತೀನಿ, ಪುರಸೊತ್ತು ಮಾಡ್ಕೊಂಡು ಓದು. ನೀ ಸೈ ಮಾಡಬ್ಯಾಡ.

ಕರೆಂಟ್ ಮಾಡೋ ಗಾಳಿ ಫ್ಯಾನಿನ ಕಂಪನಿಯವರು ಊರಿಗೆ ಬಂದು ಹೋಗಾಕತ್ತು ಮೂರು ತಿಂಗಳಾತು. ದಿನ್ನಿ ಹೊಲ ಅವರಿಗೆ ಬೇಕಂತ, 30 ವರ್ಷ ಲೀಸ್. ನಿಮ್ಮಣ್ಣ ಅವಸರ ಮಾಡೋದು ಅದಕ್ಕ, ಹೊಲದ ಉತಾರ, ಅಂದ್ರ ಪಹಣಿ, ಒಬ್ಬನ ಹೆಸರಿನ್ಯಾಗ ಇದ್ರ ಕೆಲಸ ಲಗೂ ಆಗತೈತಿ, ತಂಗಿ ಹಕ್ಕುಬಿಡುಗಡೆ ಪತ್ರ ಕೊಟ್ರ ಸಾಕು ಅಂತಾನ. ಅಂವ ಕೆಟ್ಟಾವಲ್ಲ. 2019ರಾಗ ಬೆಣ್ಣಿಹಳ್ಳ ತುಂಬಿ ಬಂದು ಹೊಲದಾಗಿನ ಹೆಸರಿನ ಬೆಳಿ ಕೊಚ್ಕೊಂಡು ಹೋದಾಗ ಒಡ್ಡು ತಿರುಗಿ ಹಾಕಿದಾಂವ ಅಂವನ, ನಾ ಬರೇ ನೋಡ್ಕೊಂತ ನಿಂತಿದ್ದೆ. ಅಂವನ ದುಡಿಮಿ ನಾ ಅಲ್ಲಗಳ್ಯಾಂಗಿಲ್ಲ. ಆದ್ರ ದುಡಿಮಿ ಬ್ಯಾರೆ, ಹಕ್ಕು ಬ್ಯಾರೆ. ನಿನ್ನ ಪಾಲು ಅಂವನ ಲಾವಣಿಗೆ ಹಿಡದು ಉಳಲಿ, ಬೆಳದದ್ದರಾಗ ಅಂವನ ದುಡಿಮಿ ಅಂವ ತಗೊಳ್ಳಿ, ನಿನಗ ವರ್ಷಾ ನಾಕು ಚೀಲ ಬಿಳಿಜ್ವಾಳ ಬರ್ಲಿ, ಉತಾರದಾಗ ಹೆಸರು ನಿಂದಿರ್ಲಿ.

ಈಗ ನಿಮ್ಮ ಅತ್ತಿ, ನನ್ನ ಒಡಹುಟ್ಟಿದಾಕಿ ವಿಷಯ ಹೇಳಬೇಕು, ನಿನಗ ಪೂರಾ ಗೊತ್ತಿಲ್ಲ, ಯಾಕಂದ್ರ ಮನ್ಯಾಗ ಯಾರೂ ಮಾತಾಡಂಗಿಲ್ಲ.

ನಿಮ್ಮ ಅಜ್ಜ ತೀರಿಕೊಂಡದ್ದು 1999ರಾಗ. ಹನ್ನೆರಡು ಎಕರೆ ಎರಿ ಹೊಲ, ನಾವು ಇಬ್ಬರು ಅಣ್ಣತಮ್ಮರು, ಅಕಿ ಒಬ್ಬಾಕಿ. ಅಕಿ ಲಗ್ನ ಆಗಿ ಹನ್ನೊಂದು ವರ್ಷ ಆಗಿತ್ತು. ಮಣ್ಣು ಕೊಟ್ಟು ತಿಂಗಳೊಪ್ಪತ್ತಿನ್ಯಾಗ ತಲಾಠಿ ಕಡೆ ವಾರಸಾ ವರ್ದಿ ಕೊಟ್ಟ್ವಿ, ನನಗ ಹೊಲದಾಗ ಹಕ್ಕು ಬ್ಯಾಡ ಅಂತ ಬರಸಿ ಅಕಿ ಹೆಬ್ಬಟ್ಟು ಒತ್ತಿಸ್ಕೊಂಡ್ವಿ. 1956ರ ಹಿಂದೂ ವಾರಸಾ ಕಾಯ್ದೆದಾಗೂ ಸತ್ತ ಅಪ್ಪನ ಪಾಲಿಗೆ ಮಗಳು ವಾರಸದಾರಳ ಅಂತ ಇತ್ತು, ಅದು ನನಗ ಗೊತ್ತಿತ್ತವಾ, ಗೊತ್ತಿದ್ದೇ ಮಾಡಿದೆ. ಒಂದು ಇಳಕಲ್ ಸೀರಿ, ಕುಬಸದ ಕಣ, ಉಡಿ ತುಂಬಿ ಬಸ್ಸು ಹತ್ತಿಸಿದ್ವಿ. ಅಕಿ ನಕ್ಕೊಂತ ಹೋದ್ಲು.

ಮುಂದ ನಾಕು ವರ್ಷಕ್ಕ ಗಂಡ ಹೋದ, ಎರಡು ಹುಡುಗ್ರನ್ನ ಕರಕೊಂಡು ವಸ್ತಿ ಬಸ್ಸಿಗೆ ನಮ್ಮ ಮನಿಗೆ ಬಂದ್ಲು. ಪಡಸಾಲ್ಯಾಗ ಒಂದು ಮೂಲಿ ಕೊಟ್ಟಿದ್ವಿ. ಯಾರೂ ಹೋಗಂತ ಅನ್ನಲಿಲ್ಲ, ಆದ್ರ ಇರು ಅಂತಾನೂ ಯಾರೂ ಅನ್ನಲಿಲ್ಲ. ತಾ ಹುಟ್ಟಿದ ಮನ್ಯಾಗ ರೊಟ್ಟಿ ತಟ್ಟಿ ಹಾಕಿ ಕಡೀಕ ತಾ ಉಣ್ತಿದ್ಲು. ತನ್ನಪ್ಪನ ಹೊಲಕ್ಕ ಕೂಲಿ ಆಳಿನಂಗ ಕಳೇವು ತಗಿಯಾಕ ಹೋಗ್ತಿದ್ಲು, ಸಂಜಿಗೆ ನಿಮ್ಮ ಕಾಕಾ ಬ್ಯಾರೆ ಆಳುಗಳ ಜೋಡಿ ಅಕಿಗೂ ಪಗಾರ ಎಣಿಸಿ ಕೊಡ್ತಿದ್ದ, ನಾ ಅಲ್ಲೇ ನಿಂತಿರ್ತಿದ್ದೆ. ಒಂದು ವರ್ಷ ತಡದು ಗೋವಾಕ್ಕ ದುಡಿಯಾಕ ಹೋದ್ಲು, ಸೆಂಟ್ರಿಂಗ್ ಕೆಲಸಕ್ಕ ಮಾಲು ಹೊರಾಕ. 2009ರಾಗ ಆ ದೊಡ್ಡ ಮಳಿ ಆದಾಗ, ನಿನಗ ನೆನಪೈತಲ್ಲ, ಸಾಲ್ಯಾಗ ಮಲಗಿದ್ವಿ ನಾವೆಲ್ಲ, ನಮ್ಮ ಮ್ಯಾಳಗಿ ಮನಿ ಹಿತ್ತಲಗ್ವಾಡಿ ಬಿತ್ತು, ಆಗ ಗೋವಾದಿಂದ ಐದು ಸಾವಿರ ರೂಪಾಯಿ ಕಳಿಸಿದಾಕಿ ಅಕಿ. ಅಪ್ಪನ ಮನಿ, ಮೊದ್ಲು ಗ್ವಾಡಿ ಕಟ್ಟಿಸ್ರಿ ಅಂತ ಹೇಳಿ ಕಳಿಸಿದ್ಲು. ಆ ಗ್ವಾಡಿ ಇವತ್ತೂ ನಿಂತೈತಿ. ದಿನಾ ಮುಂಜಾನೆ ಅದರ ಮುಂದ ಮಾರಿ ತೊಳ್ಕೊಂತೀನಿ.

ನೀನೂ ನಕ್ಕೊಂತ ಬ್ಯಾಡ ಅಂದೆಲ್ಲ ಮೊನ್ನೆ, ನನಗ ಅಕಿನ ಕಣ್ಣಿಗೆ ಬಂದ್ಲು.

ಕಾಯ್ದೆ ಈಗ ನಿನ್ನ ಕಡೆ ಐತಿ. ನಮ್ಮ ಕರ್ನಾಟಕದಾಗ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಹಿರ್ಯಾರ ಆಸ್ತಿಯೊಳಗ ಪಾಲು ಬಂತು, ಆದ್ರ ಅದಕ್ಕಿಂತ ಮೊದ್ಲ ಲಗ್ನ ಆದವರಿಗೆ ಇಲ್ಲ ಅಂದ್ರು, ನಿಮ್ಮ ಅತ್ತಿ ಅಲ್ಲೂ ಹೊರಗ ಉಳದ್ಲು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕ ಕಾಯ್ದೆ ತಿದ್ದಿದ್ರು, ಲಗ್ನ ಆಗಿರ್ಲಿ ಬಿಡ್ಲಿ, ಮಗನಷ್ಟ ಮಗಳಿಗೂ. 2020ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟಿನ್ಯಾಗ ಮೂರು ಮಂದಿ ಜಡ್ಜ್ ಕುಂತು ಹೇಳಿದ್ರು, ಈ ಹಕ್ಕು ಮಗಳಿಗೆ ಹುಟ್ಟಿನಿಂದ ಬಂದದ್ದು, 2005ರಾಗ ಅಪ್ಪ ಜೀವಂತ ಇರಲೇಬೇಕು ಅಂತೇನಿಲ್ಲ ಅಂತ. 2004ರ ಡಿಸೆಂಬರ್ 20ಕ್ಕಿಂತ ಮೊದ್ಲ ರೀತಿ ಪ್ರಕಾರ ಆದ ವಾಟ್ನಿ, ಅಂದ್ರ ಆಸ್ತಿ ಹಂಚಿಕಿ, ಇದ್ರ ಅದು ಮಾತ್ರ ಹಂಗ ಉಳಿತೈತಿ. ನಮ್ಮದು ನನಗೂ ನಿಮ್ಮ ಕಾಕಾಗೂ ಆದ ವಾಟ್ನಿ, ನನಗ ಬಂದ ಆರು ಎಕರೆದಾಗ ನಿಮಗಿನ್ನೂ ಹಂಚಿಲ್ಲ. ಇಷ್ಟೆಲ್ಲ ಇದ್ರೂ ನೀ ಒಂದು ಸಲ ರಜಿಸ್ಟರ್ ಆಫೀಸಿನ್ಯಾಗ ಹಕ್ಕು ಬಿಟ್ಟೆ ಅಂದ್ರ ಮುಗೀತು, ತಿರುಗಿ ಬೇಕಂದ್ರ ಅಣ್ಣನ ಮ್ಯಾಲೆ ಕೋರ್ಟಿಗೆ ಅಡ್ಡಾಡಬೇಕು, ಅದನ್ನ ನೀ ಮಾಡಾಕಿ ಅಲ್ಲ.

ಬೆಂಗಳೂರಾಗ ನಿನಗ ನೌಕರಿ ಐತಿ, ಅಳಿಯಂದ್ರು ಛಲೋ ಅದಾರ, ಎರಡು ಎಕರೆ ತಗೊಂಡು ಏನು ಮಾಡ್ಲಿ ಅಂತಿ. ನಮ್ಮ ಎರಿ ಮಣ್ಣು ನೋಡಿಯಲ್ಲ, ಬ್ಯಾಸಿಗ್ಯಾಗ ಕುಡಗೋಲು ಬಿದ್ರ ಸಿಗದಂಗ ಬಿರಿತೈತಿ, ಹಿಂಗಾರಿ ಎರಡು ಮಳಿ ಕುಡದ್ರ ಸಾಕು, ಆಮ್ಯಾಲೆ ಬರೇ ಥಂಡಿಗೆ ಜ್ವಾಳ ಆಳೆತ್ತರ ಬರತೈತಿ. ಸಣ್ಣಾಕಿದ್ದಾಗ ಕಡ್ಲಿ ಹೊಲದಾಗ ಮುಂಜಮುಂಜಾನೆ ಎಲಿ ಮ್ಯಾಲಿನ ಹುಳಿ ನೆಕ್ಕಿ ತುಟಿ ಸುಟ್ಕೊಂಡು ಬರ್ತಿದ್ದಿ, ಆ ಪಟ್ಟಿನ ನಿನಗ ಅಂತ ಮನಸಿನ್ಯಾಗ ಇಟ್ಟೀನಿ, ಬನ್ನಿಗಿಡದಿಂದ ಹಳ್ಳದ ದಂಡಿ ತನಕ. ನೀ ಬಂದು ಉಳಬೇಕಂತ ಹೇಳವಲ್ಲೆ. ನಾ ಇಲ್ಲದಾಗ ನೀ ಈ ಊರಿಗೆ ಬಂದ್ರ ಬೀಗರಂಗ ಬರಬಾರದು, ಅಷ್ಟ.

ನಿಮ್ಮಣ್ಣನ ಮುಂದ ನಿನ್ನೆ ಎಲ್ಲಾ ಹೇಳೀನಿ. ಒಂದು ದಿನ ಮಾತು ಬಿಟ್ಟಿದ್ದ, ಇವತ್ತು ಸಂಜಿಕ ತಾನ ಬಂದು, ಹೊಲ ಅಳಿಯೋ ಮೋಜಣಿ ಅರ್ಜಿ ಯಾವಾಗ ಕೊಡೋಣು ಅಂದ. ಮೂರು ಪಾಲು, ಎರಡೆರಡು ಎಕರೆ, ಅಂವಗ, ನಿನಗ, ನನಗ. ಪಾಲು ಅಳದು ತಗಿಯೋ 11ಇ ನಕ್ಷೆ ಆದ ಮ್ಯಾಲೆ ವಾಟ್ನಿ ಪತ್ರ ರಜಿಸ್ಟರ್ ಮಾಡಸೋದು, ಆಮ್ಯಾಲೆ ಉತಾರದ 9ನೇ ಕಾಲಮ್ಮಿನ್ಯಾಗ ನಿನ್ನ ಹೆಸರು ಬರತೈತಿ. 11ನೇ ಕಾಲಮ್ಮಿನ್ಯಾಗ ಸೊಸೈಟಿ ಬೋಜಾ ಐತಿ, ಅದನ್ನ ನಾ ಕಡ್ಲಿ ರೊಕ್ಕ ಬಂದ ಕೂಡ್ಲೆ ತೀರಿಸ್ತೀನಿ, ನೀ ಅದಕ್ಕ ರೊಕ್ಕ ಹಾಕಾಕ ಹೋಗಬ್ಯಾಡ. ದಿನ್ನ್ಯಾಗ ಫ್ಯಾನ್ ಬಂದ್ರ ಲೀಸಿನ ರೊಕ್ಕ ಯಾರ ಪಾಲಿನ್ಯಾಗ ಬೀಳತೈತಿ ಅವರಿಗೆ.

ನನ್ನ ಎರಡು ಎಕರೆದಾಗ ಒಂದು ಎಕರೆ ನಿಮ್ಮ ಅತ್ತಿಗೆ ದಾನಪತ್ರ ಮಾಡ್ತೀನಿ. ನಿಮ್ಮವ್ವ ಕೇಳಿ ಸುಮ್ಮನ ಕುಂತ್ಲು, ಆಮ್ಯಾಲೆ ಎದ್ದು ಹೋಗಿ ದೇವರ ಜಗಲಿಗೆ ದೀಪ ಹಚ್ಚಿದ್ಲು.

ಎಳ್ಳಮಾಸಿಗೆ ಬಾ, ಚರಗ ಚೆಲ್ಲಾಕ. ಸಜ್ಜಿ ರೊಟ್ಟಿ, ಎಣಗಾಯಿ ಎಲ್ಲಾ ನಿಮ್ಮವ್ವ ಲೆಕ್ಕಾ ಹಾಕ್ಕೊಂಡು ಕುಂತಾಳ. ಆಧಾರ್ ಕಾರ್ಡು, ಎರಡು ಫೋಟೋ ಮರೀಬ್ಯಾಡ. ಗದಗಿಂದ ವಸ್ತಿ ಬಸ್ಸು ತಪ್ಪಿದ್ರ ನಿಮ್ಮಣ್ಣಗ ಫೋನ್ ಹಚ್ಚು, ಬೈಕ್ ತರ್ತಾನ. ನಿಮ್ಮ ಅತ್ತಿಗೂ ಬಾ ಅಂದೀನಿ, ಗೋವಾದಿಂದ ರಾತ್ರಿ ಬಸ್ಸಿಗೆ ಬರ್ತಾಳ. ಯಾಕ ಕರದೀನಿ ಅಂತ ಅಕಿಗೆ ಹೇಳಿಲ್ಲ, ನೀನೂ ಹೇಳಬ್ಯಾಡ.

ಅಳಿಯಂದ್ರಿಗೆ ನಮಸ್ಕಾರ ಹೇಳು.

ನಿಮ್ಮಪ್ಪ