ಗೆಳೆಯನಿಗೊಂದು ಪತ್ರ: ನಿನ್ನ ಮಗ ಹೇಳಿದ್ದೇ ಸರಿ

ಗೆಳೆಯಾ,

ಅಟ್ಟದ ಮೇಲಿಟ್ಟಿರುವ ಆ ಆಂಪ್ಲಿಫೈಯರ್ ಕೆಳಗಿಳಿಸು. ಮುಂದಿನ ಸಲ ದಾವಣಗೆರೆಗೆ ಬರುವಾಗ ತಗೊಂಡು ಬಾ. ತೆಂಗಿನಕಾಯಿ ಲೆಕ್ಕ ಆಮೇಲೆ ನೋಡೋಣ.

ಅದರಲ್ಲಿ ಕುಂಯ್ ಅಂತ ಸದ್ದು ಬರುತ್ತದೆ ಅಂತ ನಿನ್ನ ಮಗ ಹೇಳಿದ್ದ. ಏನೂ ಇಲ್ಲ, ನಿನಗೆ ಸುಮ್ನೆ ಹಾಗನ್ನಿಸುತ್ತದೆ ಅಂದಿದ್ದೆ ನಾನು. ಅವನು ಹೇಳಿದ್ದೇ ಸರಿ. ಅವತ್ತು ಅವನನ್ನು ಎಲ್ಲರ ಮುಂದೆ ಸುಮ್ಮನಾಗಿಸಿದ್ದೆ. ಅದಕ್ಕೇ ಇದನ್ನೂ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಿನಗೆ ಮಾಡಿಕೊಟ್ಟಂಥದ್ದೇ ಒಂದನ್ನು ಮನೆಗೂ ಮಾಡಿಕೊಂಡಿದ್ದೆ. ಟಿಪಿಎ3116 ಚಿಪ್ಪಿನ ಎರಡು ಬೋರ್ಡು. ಒಂದು ಸ್ಪೀಕರ್ ಜೋಡಿಗೆ, ಇನ್ನೊಂದು ದಪ್ಪ ಸದ್ದಿನ ಸ್ಪೀಕರಾದ ಸಬ್‌ವೂಫರ್‌ಗೆ. ಎರಡಕ್ಕೂ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್. ಕೆಪಾಸಿಟರ್ ಬದಲಾಯಿಸಿದ್ದೆ. ಗೇನ್, ಅಂದರೆ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ, 36 ಡೆಸಿಬೆಲ್‌ನಿಂದ 26ಕ್ಕೆ ಇಳಿಸಿದ್ದೆ, ಹಿಸ್ ಅನ್ನುವ ಸದ್ದು ಎಷ್ಟೋ ಕಡಿಮೆಯಾಗಿತ್ತು. ಹೊಸಬರಿಗೆ ಒಂದು ಮಾತು: ಈ ಚಿಪ್ಪಿನಲ್ಲಿ ಸ್ಪೀಕರಿನ ಎರಡೂ ವೈರಿಗೆ ಜೀವ ಇರುತ್ತದೆ, ಯಾವುದನ್ನೂ ಗ್ರೌಂಡಿಗೆ ಮುಟ್ಟಿಸಬೇಡಿ.

ಹೋದ ತಿಂಗಳು ಒಂದು ಸಂಜೆ ಮಗಳು ಹೋಂವರ್ಕ್ ಬಿಟ್ಟು ಎದ್ದು ಬಂದಳು. "ಅಪ್ಪಾ, ಅದನ್ನ ಆಫ್ ಮಾಡು. ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ" ಅಂದಳು. ಆಗ ಹಾಡೇ ಹಾಕಿರಲಿಲ್ಲ. ಸಣ್ಣ ಸದ್ದಿನ ಸ್ಪೀಕರಾದ ಟ್ವೀಟರಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಮೊಬೈಲಿನಲ್ಲಿ ಸ್ಪೆಕ್ಟ್ರಮ್, ಅಂದರೆ ಯಾವ ಸ್ವರದಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಆ್ಯಪ್ ತೆರೆದು ಸ್ಪೀಕರಿನ ಹತ್ತಿರ ಹಿಡಿದೆ. 12 ಸಾವಿರ ಹರ್ಟ್ಸ್ ಹತ್ತಿರ ಒಂದು ಗೆರೆ ನೆಟ್ಟಗೆ ನಿಂತಿತ್ತು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಬಿಚ್ಚಿದೆ. ಇನ್‌ಪುಟ್ ವೈರ್ ಕಿತ್ತೆ. "ಇದೆ" ಅಂದಳು. ಅಡಾಪ್ಟರ್ ತೆಗೆದು ಬೈಕಿನ 12 ವೋಲ್ಟ್ ಬ್ಯಾಟರಿ ಕೊಟ್ಟೆ. "ಇದೆ." ಸಬ್‌ವೂಫರ್ ಬೋರ್ಡಿನ ಪವರ್ ತೆಗೆದೆ. "ಹೋಯ್ತು!" ಮತ್ತೆ ಕೊಟ್ಟೆ. "ಬಂತು." ನಾನು ಅವಳ ಮುಖ ನೋಡುತ್ತಿದ್ದೆ. ನನಗೆ ಎಲ್ಲವೂ ಒಂದೇ ಥರ ಇತ್ತು.

ಕಾರಣ ಸರಳ. ಕ್ಲಾಸ್ ಡಿ ಅನ್ನುವ ಈ ಬಗೆಯ ಚಿಪ್ ತನ್ನ ಔಟ್‌ಪುಟ್ಟನ್ನು ಸೆಕೆಂಡಿಗೆ 4 ಲಕ್ಷ ಸಲದ ಲೆಕ್ಕದಲ್ಲಿ ಆನ್ ಆಫ್ ಮಾಡುತ್ತದೆ. ಅದು ಯಾರ ಕಿವಿಗೂ ಕೇಳುವುದಿಲ್ಲ. ಆದರೆ ಎರಡು ಚಿಪ್ಪಿನ ಗಡಿಯಾರ ಒಂದೇ ಸಮ ಓಡುವುದಿಲ್ಲ. ಒಂದು 400 ಕಿಲೋಹರ್ಟ್ಸ್ (ಅಂದರೆ ಆ 4 ಲಕ್ಷ), ಇನ್ನೊಂದು 412 ಅಂತಿಟ್ಟುಕೋ. ನಡುವಿನ 12 ಸಾವಿರದ ವ್ಯತ್ಯಾಸ ಸದ್ದಾಗಿ ಸ್ಪೀಕರಿಗೆ ನುಗ್ಗುತ್ತದೆ. ಮದ್ದೂ ಚಿಪ್ಪಿನಲ್ಲೇ ಇದೆ. ಒಂದನ್ನು ತಾಳ ಹಾಕುವ ಮಾಸ್ಟರ್, ಇನ್ನೊಂದನ್ನು ಅದನ್ನು ಅನುಸರಿಸುವ ಸ್ಲೇವ್ ಮಾಡಿ, ಎರಡರ ಸಿಂಕ್ ಪಿನ್ ಸೇರಿಸಿದರೆ ಎರಡೂ ಒಂದೇ ತಾಳಕ್ಕೆ ಓಡುತ್ತವೆ. ಸ್ಲೇವ್ ಚಿಪ್ಪಿನ ಗೇನ್ ಪಿನ್ನಿನ ಎರಡು ರೆಸಿಸ್ಟರ್ ಬದಲಿಸಬೇಕು ಅಷ್ಟೇ, ಗ್ರೌಂಡ್ ಕಡೆಯದು 75 ಕಿಲೋಓಮ್, ಇನ್ನೊಂದು 47. ರಾಗಿ ಕಾಳಿನಷ್ಟು ಇರುತ್ತವೆ. ಪಿನ್ನುಗಳ ನಡುವೆ ಒಂದು ಮಿಲಿಮೀಟರ್ ಜಾಗವೂ ಇಲ್ಲ. ಮಗಳು ಟಾರ್ಚ್ ಹಿಡಿದಳು, ಉಸಿರು ಬಿಗಿಹಿಡಿದು ಒಂದೆಳೆ ತಂತಿ ಬೆಸುಗೆ ಹಾಕಿದೆ. ಆನ್ ಮಾಡಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು, ಆಮೇಲೆ ಹೋಂವರ್ಕಿಗೆ ವಾಪಸ್ ಹೋದಳು. ಅಷ್ಟು ಸಾಕಾಯಿತು ನನಗೆ.

ಆಂಪ್ಲಿಫೈಯರ್ ಕತೆ ಅಲ್ಲಿಗೆ ಮುಗಿಯಿತು. ಮರುದಿನ ಕಿವಿ ಡಾಕ್ಟರ ಹತ್ತಿರ ಹೋದೆ. ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ತುಂಬಾ ಹೊತ್ತು ನಾನು ಏನನ್ನೂ ಒತ್ತಲಿಲ್ಲ. ಕಾಗದದ ಮೇಲೆ ಗೆರೆ 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದ ಹಾಗೆ ಇಳಿದಿದೆ. ಜೋರು ಸದ್ದಿನ ಪಕ್ಕ ವರ್ಷಗಟ್ಟಲೆ ನಿಂತವರ ಕಿವಿ ಮೊದಲು ಸೋಲುವುದು ಅಲ್ಲೇ ಅಂತೆ. ನಾವು ಎಲ್ಲಿ ನಿಂತಿದ್ದೆವು ಅಂತ ನಿನಗೆ ಹೇಳಬೇಕಾ? ದುಗ್ಗಮ್ಮನ ಜಾತ್ರೆ, ಗಣಪತಿ ಮೆರವಣಿಗೆ, ಮದುವೆ ಮನೆ. ಮೈಕ್ ಸೆಟ್ಟಿನವರು ಅಂತ ಎಷ್ಟು ಹೆಮ್ಮೆ ಇತ್ತು ನಮಗೆ! ಹಾರ್ನ್ ಕೆಳಗೇ ಮಲಗುತ್ತಿದ್ದೆವು.

ಒಂದು ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಮ್ಮನಿಗೆ ಊಟ ಬಡಿಸುವುದು ನಾನು. ಅವಳ ದನಿ ಈಗ ತುಂಬಾ ಸಣ್ಣ. ಸಾರು ಬಡಿಸುವಾಗ ಅವಳು "ಸಾಕು" ಅನ್ನುತ್ತಾಳೆ, ನನಗೆ "ಹಾಕು" ಅಂತ ಕೇಳುತ್ತದೆ. ಇನ್ನೊಂದು ಸೌಟು ಹಾಕುತ್ತೇನೆ. ಅವಳು ಏನೂ ಅನ್ನದೆ ಉಣ್ಣುತ್ತಾಳೆ. ಎಷ್ಟು ದಿನದಿಂದ ಹೀಗೆ ನಡೆದಿದೆಯೋ. 'ಸ'ಕಾರ ಇರುವುದು ಆ ಮೇಲಿನ ಸ್ವರಗಳಲ್ಲೇ, ಅದೇ ನನ್ನ ಕೈ ಬಿಟ್ಟಿದೆ. ಈಗ ಸೌಟು ಹಿಡಿದಾಗ ಅವಳ ಬಾಯಿ ನೋಡಿ, ಕೈ ನೋಡಿ ಬಡಿಸುತ್ತೇನೆ. ಮೊನ್ನೆ ಅವಳು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಅವಳಿಗೆ ಗೊತ್ತಾಗಿದೆ ಅನ್ನಿಸಿತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು.

ನೀನೂ ಒಮ್ಮೆ ಕಿವಿ ತೋರಿಸು. ಹಾರ್ನಿನ ಆ ಕಡೆ ನೀನೇ ಇದ್ದೆಯಲ್ವಾ. ಮಗನನ್ನು ಮರೆಯದೆ ಕರೆದುಕೊಂಡು ಬಾ. ಸಿಂಕ್ ವೈರ್ ನಾನು ಹಾಕುತ್ತೇನೆ, ಸದ್ದು ಹೋಯಿತೋ ಇಲ್ಲವೋ ಅವನು ಹೇಳಲಿ. ಅವನು ಇದೆ ಅಂದರೆ ಮತ್ತೆ ಬಿಚ್ಚುತ್ತೇನೆ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ಎರಡೂ ನನ್ನ ಖರ್ಚು. ತೆಂಗಿನಕಾಯಿ ಮಾತ್ರ ನಿನ್ನದೇ.

ಇತಿ,
ಎಡಗಡೆ ಹಾರ್ನಿನವನು