ಒಂದು ಬ್ರೋಟ್ ಕೇಳಿದ ಕಥೆ

ಸ್ಟುಟ್‌ಗಾರ್ಟ್, ರವಿವಾರ

ತೀರ್ಥರೂಪ ಅಪ್ಪಾಜಿಯವರಿಗೂ ಅವ್ವನಿಗೂ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಜರ್ಮನ್ ಕಲಿಕೆ ಎಲ್ಲಿಗೆ ಬಂತೆಂದು ಕಳೆದ ಸಲ ಫೋನಿನಲ್ಲಿ ಕೇಳಿದಿರಿ. ನಿವೃತ್ತರಾದರೂ ನಿಮ್ಮೊಳಗಿನ ಕನ್ನಡ ಮಾಸ್ತರರು ಸುಮ್ಮನಿರುವವರಲ್ಲವಾದ್ದರಿಂದ, ಈ ತಿಂಗಳು ನಾನು ಸರಿಯಾಗಿ ಕಲಿತ ಒಂದೇ ಒಂದು ನಾಮಪದದ ಲೆಕ್ಕ ಒಪ್ಪಿಸುತ್ತೇನೆ. ಆ ಪದ ‘ಬ್ರೋಟ್’. ಪಠ್ಯದಲ್ಲಿ ಅದಕ್ಕೆ ಬ್ರೆಡ್ ಎಂಬ ಅರ್ಥವಿದೆ.

ಮೊದಲ ವಾರ ಬೇಕರಿಗೆ ಹೋಗಿ, ಗಾಜಿನ ಹಿಂದಿದ್ದ ಪುಟ್ಟ ಬನ್ನನ್ನು ನೋಡುತ್ತ ‘ಐನ್ ಬ್ರೋಟ್, ಬಿಟ್ಟೆ’ (ದಯವಿಟ್ಟು ಒಂದು ಬ್ರೋಟ್) ಎಂದೆ. ಅಂಗಡಿಯಾಕೆ ಏನೋ ಕೇಳಿದರು. ತಿಳಿಯದಿದ್ದರೂ ‘ಯಾ’ ಎಂದು ತಲೆಯಾಡಿಸಿದೆ. ಹಿಂದಿದ್ದ ಯಂತ್ರ ಗರಗರನೆ ಸದ್ದು ಮಾಡಿತು. ಇಟ್ಟಂಗಿಯಂತೆ ಭಾರವಾದ, ಕಂದುಬಣ್ಣದ ಇಡೀ ಬ್ರೆಡ್ಡು ಹೋಳುಹೋಳಾಗಿ ನನ್ನ ಕೈಗೆ ಬಂತು. ಐದು ದಿನ ಅದನ್ನೇ ತಿಂದೆ. ‘ಐನ್ ಬ್ರೋಟ್’ ಎಂದರೆ ಇಡೀ ಒಂದು ಬ್ರೆಡ್ಡು, ಅರ್ಧ ಸಾಕಿದ್ದರೆ ‘ಐನ್ ಹಾಲ್ಬೆಸ್ ಬ್ರೋಟ್’ ಎಂದು ಕೇಳಬೇಕು, ಆಕೆ ಕೇಳಿದ್ದು ಹೋಳು ಮಾಡಲೇ ಎಂದು, ಇವೆಲ್ಲ ಆಮೇಲೆ ತಿಳಿದವು.

ನನಗೆ ಬೇಕಿದ್ದುದು ‘ಬ್ರ್ಯೋಟ್‌ಶೆನ್’. ‘ಶೆನ್’ ಎಂಬ ಪ್ರತ್ಯಯ ಹತ್ತಿದರೆ ವಸ್ತು ಚಿಕ್ಕದಾಗುತ್ತದೆ, ಪದ ನಪುಂಸಕಲಿಂಗವಾಗುತ್ತದೆ. ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ಕೂಡ ಇದೇ ಕಾರಣಕ್ಕೆ ನಪುಂಸಕ. ತರಗತಿಯವರೆಲ್ಲ ನಕ್ಕರು, ‘ಮಗು ಬಂತು’ ಎನ್ನುವ ಭಾಷೆಯಿಂದ ಬಂದ ನಾನು ನಗಲಿಲ್ಲ. ಇಷ್ಟು ಕಲಿತು ಬೇಕರಿಗೆ ಮರಳಿದರೆ ಈ ಊರಿನವರು ಅದನ್ನು ‘ವೆಕ್ಲೆ’ ಎನ್ನುತ್ತಾರೆ. ಮ್ಯೂನಿಕ್‌ನಲ್ಲಿ ‘ಸೆಮ್ಮೆಲ್’, ಬರ್ಲಿನ್‌ನಲ್ಲಿ ‘ಶ್ರಿಪ್ಪೆ’ ಅಂತೆ.

ನಿಮಗೆ ಹಿಡಿಸುವ ಸಂಗತಿ ಬೇರೆಯಿದೆ. ನಮ್ಮಲ್ಲಿ ರೊಟ್ಟಿಯನ್ನು, ರೊಟ್ಟಿಯಿಂದ, ರೊಟ್ಟಿಗೆ ಎಂದು ವಿಭಕ್ತಿಪ್ರತ್ಯಯ ಪದದ ಬೆನ್ನಿಗೆ ಬೀಳುತ್ತದೆ. ಇಲ್ಲಿ ಬ್ರೋಟ್ ಬಹುಮಟ್ಟಿಗೆ ಅಲುಗಾಡದೆ ಕೂತಿರುತ್ತದೆ, ಅದಕ್ಕೆ ಮೊದಲು ಬಂದು ಲಿಂಗ ತೋರಿಸುವ ‘ದಾಸ್’ ಎಂಬ ಪುಟ್ಟ ಪದ ವೇಷ ಬದಲಿಸುತ್ತದೆ: ‘ದಾಸ್ ಬ್ರೋಟ್’ ಪ್ರಥಮೆಗೂ ದ್ವಿತೀಯೆಗೂ ಒಂದೇ, ‘ಮಿಟ್ ಡೇಮ್ ಬ್ರೋಟ್’ ಎಂದರೆ ಬ್ರೋಟಿನೊಂದಿಗೆ; ಷಷ್ಠಿಯಲ್ಲಿ ಮಾತ್ರ ‘ಡೆಸ್ ಬ್ರೋಟೆಸ್’ ಎಂದು ಬಾಲವೂ ಬೆಳೆಯುತ್ತದೆ. ವಿಭಕ್ತಿಗಳು ನಾಲ್ಕೇ ಆದರೂ ಲಿಂಗ ತಿಳಿಯದೆ ಒಂದೂ ಕೂಡದು. ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ. ಏಕೆಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಬಾಯಿಪಾಠ ಮಾಡುವಾಗ ಬ್ರೋಟ್ ಎನ್ನದೆ ‘ದಾಸ್ ಬ್ರೋಟ್’ ಎಂದು ಜೋಡಿಯಾಗಿಯೇ ಉರುಹೊಡೆಯುತ್ತೇನೆ.

ಆದರೂ ಬ್ರೆಡ್ ಎಂಬ ಅರ್ಥ ಸಾಲದೆಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಬ್ರೆಡ್ ಎಂದರೆ ಜ್ವರ ಬಂದವರ ಆಹಾರ. ಇವರು 3,000ಕ್ಕೂ ಹೆಚ್ಚು ಬಗೆ ಎಣಿಸುತ್ತಾರೆ. 2014ರಲ್ಲಿ ಬ್ರೆಡ್ ಸಂಸ್ಕೃತಿಯನ್ನು ದೇಶದ ಅಮೂರ್ತ ಪರಂಪರೆಯ ಪಟ್ಟಿಗೇ ಸೇರಿಸಿದರು. ದುಡಿದು ಉಣ್ಣುವುದಕ್ಕೆ ಇವರು ಬ್ರೋಟ್ ಗಳಿಸುವುದು ಎನ್ನುತ್ತಾರೆ. ಹೊಟ್ಟೆ ತುಂಬಿಸದ ವಿದ್ಯೆ ‘ಬ್ರೋಟ್‌ಲೋಸೆ ಕುನ್ಸ್ಟ್’. ನಾನು ಸಿತಾರ ಕಲಿಯುತ್ತೇನೆಂದಾಗ ‘ಹೊಟ್ಟಿಗೆ ಏನ್ ತಿಂತೀ?’ ಎಂದಿರಲ್ಲ, ಅದೇ ಮಾತು. ಹೀಗಾಗಿ ಅದನ್ನು ನಮ್ಮ ಅನ್ನ, ರೊಟ್ಟಿಗಳ ಪಕ್ಕದಲ್ಲಿಡುವುದೇ ಸರಿ. ರಾತ್ರಿಯೂಟದ ಹೆಸರೇ ‘ಆಬೆಂಟ್‌ಬ್ರೋಟ್’, ಸಂಜೆಯ ಬ್ರೋಟ್. ಒಲೆ ಹಚ್ಚದೆ, ಹೋಳಿನ ಮೇಲೆ ಬೆಣ್ಣೆ, ಚೀಸು ಇಟ್ಟು ಮುಗಿಸುತ್ತಾರೆ. ಅವ್ವನಿಗೆ ಇದನ್ನು ಓದಿ ಹೇಳಬೇಡಿ, ಚಿಂತೆ ಹಚ್ಚಿಕೊಂಡಾಳು.

ಅವಳಿಗೆ ಹೇಳಬೇಕಾದದ್ದು ಇಷ್ಟು: ಶೇಂಗಾ ಚಟ್ನಿಪುಡಿ ಮುಗಿಯುತ್ತ ಬಂದಿದೆ, ಬೆಣ್ಣೆ ಸವರಿದ ಬ್ರೋಟಿನ ಮೇಲೆ ಅದು ಚೆನ್ನಾಗಿ ಕೂರುತ್ತದೆ. ಚಟ್ನಿ ಯಾವ ಲಿಂಗವೆಂದು ಶಿಕ್ಷಕಿಯನ್ನು ಕೇಳಿದೆ. ಅವರು ನಿಘಂಟು ತೆರೆದು ತೋರಿಸಿದರು, ಪದ ಅದರಲ್ಲೂ ಇದೆ: ‘ದಾಸ್ ಚಟ್ನಿ’, ನಪುಂಸಕ.

ನಿಮ್ಮ ಮಗ